ಪುಸ್ತಕ ಮುಗಿದ ಮೇಲಿನ ಆಟ

ಚೆಸ್ ರೇಟಿಂಗ್ ಟೂರ್ನಿಗಳಿಗೆ ಹೋಗಲು ಶುರು ಮಾಡಿದ ಮಕ್ಕಳ ತಂದೆತಾಯಿ ತರಬೇತುದಾರನಾದ ನನ್ನನ್ನು ಸಾಮಾನ್ಯವಾಗಿ ಕೇಳುವುದು ಇದನ್ನೇ: ‘ಸರ್, ಯಾರ ಆಟಗಳನ್ನು ನೋಡಿಸೋಣ?’ ಆನಂದ್, ಫಿಷರ್, ಕಾರ್ಲ್‌ಸನ್ ಹೆಸರುಗಳು ಅವರ ಬಾಯಲ್ಲೇ ಇರುತ್ತವೆ. ಆ ಪಟ್ಟಿಗೆ ನಾನು ಬ್ರಿಟಿಷ್ ಚೆಸ್ಸಿನ ಶಾರ್ಟ್, ಮೈಲ್ಸ್, ಅಲೆಕ್ಸಾಂಡರ್, ಪೆನ್‌ರೋಸ್, ಸುಲ್ತಾನ್ ಖಾನ್ ಹೆಸರುಗಳನ್ನು ಸೇರಿಸಿದರೆ ಸ್ವಲ್ಪ ಅನುಮಾನದಿಂದ ನೋಡುತ್ತಾರೆ. 1886ರಲ್ಲಿ ಸ್ಟೈನಿಟ್ಜ್ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದ ದಿನದಿಂದ ಇಂದಿನವರೆಗೆ ಮುಕ್ತ ವಿಭಾಗದ ಆ ಕಿರೀಟ ಬ್ರಿಟನ್ನಿಗೆ ಸಿಕ್ಕಿಲ್ಲ. ಹಾಗಿರುವಾಗ ಅವರ ಆಟ ಯಾಕೆ?

ಕಾರಣ ಇದೆ. ಸೋವಿಯತ್ ಆಟಗಾರನ ಹಿಂದೆ ಸರ್ಕಾರ, ತರಬೇತುದಾರರು, ತಿಂಗಳುಗಟ್ಟಲೆ ತಯಾರಿ ಇರುತ್ತಿತ್ತು. ಬ್ರಿಟಿಷ್ ಆಟಗಾರ ಬಹಳ ಕಾಲ ಬೇರೆ ಕೆಲಸ ಮಾಡುತ್ತ, ರಜೆ ಹಾಕಿ ಟೂರ್ನಿಗೆ ಬರುತ್ತಿದ್ದವನು. ಮನೆಯಲ್ಲಿ ಪುಸ್ತಕದಿಂದ ಕಲಿತ ಓಪನಿಂಗ್ (ಆಟದ ಆರಂಭದ ನಡೆಗಳು) ಮುಗಿದ ಮೇಲೆ, ಎದುರಿಗಿರುವ ಬೋರ್ಡನ್ನೇ ನೋಡಿ ದಾರಿ ಹುಡುಕುವುದು ಅವನಿಗೆ ಅನಿವಾರ್ಯವಾಗಿತ್ತು. ಶಾಲೆ, ಟ್ಯೂಷನ್, ಪರೀಕ್ಷೆಗಳ ನಡುವೆ ವಾರಕ್ಕೆ ಎರಡು ದಿನ ಕ್ಲಾಸಿಗೆ ಬರುವ ನಮ್ಮ ಮಗುವಿನ ಸ್ಥಿತಿಯೂ ಅದೇ. ಹೀಗಾಗಿ ಅವರ ಆಟಗಳು ನಮಗೆ ಹತ್ತಿರ.

ನಾನು ಮೊದಲು ಇಡಿಸುವುದು ನೈಜೆಲ್ ಶಾರ್ಟ್ 1991ರಲ್ಲಿ ನೆದರ್ಲೆಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ ಯಾನ್ ಟಿಮ್ಮನ್ ವಿರುದ್ಧ ಆಡಿದ ಆಟ. ಟಿಮ್ಮನ್ ಕಪ್ಪು ಕಾಯಿಗಳಲ್ಲಿ ಅಲೆಖಿನ್ ಡಿಫೆನ್ಸ್ ಎಂಬ ಓಪನಿಂಗ್ ಆಡಿದ್ದರು. 27ನೇ ನಡೆಯಲ್ಲಿ ಕಪ್ಪು ಮನೆಗಳಲ್ಲೇ ಓರೆಯಾಗಿ ಚಲಿಸುವ ಬಿಷಪ್‌ಗಳು ಎರಡೂ ಕಡೆಯಿಂದ ಹೊಡೆದುಹೋಗುತ್ತವೆ. 30ನೇ ನಡೆಯ ಹೊತ್ತಿಗೆ ಶಾರ್ಟ್ ಅವರ ರಾಣಿ ಎಫ್6ರಲ್ಲಿ (ಬೋರ್ಡಿನ ಉದ್ದಸಾಲುಗಳಿಗೆ ಎ ಇಂದ ಎಚ್, ಅಡ್ಡಸಾಲುಗಳಿಗೆ 1ರಿಂದ 8 ಎಂದು ಗುರುತು), ಒಂದು ರೂಕ್ (ಆನೆ) ಡಿ7ರಲ್ಲಿ, ಇನ್ನೊಂದು ಡಿ4ರಲ್ಲಿ. ಕಪ್ಪಿನ ರಾಜ ಜಿ8ರಲ್ಲಿ ಸಿಕ್ಕಿಬಿದ್ದಿದ್ದಾನೆ. ಜಿ7ರಲ್ಲಿ ಮೇಟ್ ಮಾಡಲು, ಅಂದರೆ ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದಂತೆ ಮಾಡಲು, ರಾಣಿಗೆ ಇನ್ನೊಂದು ಕಾಯಿಯ ಆಸರೆ ಬೇಕು. ‘ಬಿಳಿಯದು ಏನು ನಡೆ?’ ಎಂದು ಕೇಳಿದರೆ ಮಕ್ಕಳ ಕೈ ಎಫ್3ರಲ್ಲಿರುವ ಕುದುರೆಯ ಮೇಲೆ ಹೋಗುತ್ತದೆ. ಅದನ್ನು ಜಿ5ಕ್ಕೆ ಹಾರಿಸಿದ ಕೂಡಲೇ ಕಪ್ಪು ರಾಣಿ ಸಿ6ರಿಂದ ನೇರವಾಗಿ ಜಿ2ಕ್ಕೆ ಬಂದು ಮೇಟ್ ಮಾಡುತ್ತದೆ, ಹಿಂದೆ ಬಿ7ರ ಬಿಷಪ್ ಬೆಂಬಲಕ್ಕಿದೆ. ಅಂದರೆ ಆ ಕುದುರೆ ಅಲ್ಲಾಡುವ ಹಾಗಿಲ್ಲ, ಅದು ಕರ್ಣಕ್ಕೆ ಅಡ್ಡ ನಿಂತ ಗೋಡೆ.

ಹಾಗಾದರೆ ಬರುವವರು ಯಾರು? ರಾಜ. ಬೋರ್ಡ್ ತುಂಬ ರಾಣಿ, ರೂಕ್‌ಗಳು ಇರುವಾಗ ಶಾರ್ಟ್ ತಮ್ಮ ರಾಜನನ್ನು ಎಚ್2, ಜಿ3, ಎಫ್4, ಜಿ5 ಎಂದು ನಡೆಸುತ್ತ ಹೋದರು. ಟಿಮ್ಮನ್ ಇ8ರ ರೂಕನ್ನು ಸಿ8ಕ್ಕೆ ಕೊಂಡೊಯ್ದು ಮತ್ತೆ ಇ8ಕ್ಕೆ ತಂದರು. ಅವರ ಪ್ರತಿ ಕಾಯಿಗೂ ಯಾವುದೋ ಒಂದು ಕಾವಲಿನ ಕೆಲಸ ಇತ್ತು, ಬಿಟ್ಟು ಬರುವ ಹಾಗಿರಲಿಲ್ಲ. 34ನೇ ನಡೆಯಲ್ಲಿ ರಾಜ ಜಿ5ಕ್ಕೆ ಬಂದಾಗ ಟಿಮ್ಮನ್ ಸೋಲು ಒಪ್ಪಿದರು. ಮುಂದೆ ಎಚ್6, ಆಮೇಲೆ ಜಿ7ರಲ್ಲಿ ಮೇಟ್. ಕಪ್ಪು ರಾಜ ಎಚ್7ಕ್ಕೆ ಬಂದು ತಡೆದರೆ? ಬಿಳಿ ರಾಣಿ ಜಿ6ರ ಪಾನನ್ನು (ಕಾಲಾಳನ್ನು) ಹೊಡೆಯುತ್ತದೆ. ಡಿ7ರ ರೂಕ್ ಏಳನೇ ಸಾಲಿನಲ್ಲಿ ಪಿನ್ ಮಾಡಿರುವುದರಿಂದ (ಅಲ್ಲಾಡಿದರೆ ಹಿಂದಿನ ರಾಜನಿಗೇ ಏಟು ಬೀಳುವಂತೆ ಕಟ್ಟಿಹಾಕಿರುವುದರಿಂದ) ಎಫ್7ರ ಪಾನ್ ಆ ರಾಣಿಯನ್ನು ಮುಟ್ಟಲಾಗದು.

ಮಕ್ಕಳಿಗೆ ನಾನು ಇನ್ನೊಂದು ಕೆಲಸ ಕೊಡುತ್ತೇನೆ: ರಾಜ ಕಾಲಿಟ್ಟ ಮನೆಗಳ ಬಣ್ಣ ನೋಡಿ. ಎಚ್2, ಜಿ3, ಎಫ್4, ಜಿ5, ಮುಂದಿನ ಎಚ್6 ಎಲ್ಲವೂ ಕಪ್ಪು ಮನೆ. ಟಿಮ್ಮನ್ ಬಳಿ ಉಳಿದ ಬಿಷಪ್ ಬಿಳಿ ಮನೆಗಳದ್ದು ಮಾತ್ರ. 27ನೇ ನಡೆಯಲ್ಲಿ ಬಿಷಪ್‌ಗಳು ಹೊಡೆದಾಡಿಕೊಂಡ ಗಳಿಗೆಯಲ್ಲೇ ಈ ದಾರಿ ತೆರೆದಿತ್ತು. ‘ರಾಜನನ್ನು ಮೂಲೆಯಲ್ಲಿ ಜೋಪಾನ ಮಾಡಿ’ ಎಂದು ಕಲಿಸುವವನು ನಾನೇ. ಎದುರಾಳಿಯ ಯಾವ ಕಾಯಿ ಯಾವ ಮನೆಯನ್ನು ಮುಟ್ಟಬಲ್ಲದು ಎಂದು ಎಣಿಸಿದವನು ಮಾತ್ರ ಆ ನಿಯಮ ಮುರಿಯಬಹುದು. ಶಾರ್ಟ್ ಎಣಿಸಿದ್ದರು.

ಇದೇ ಶಾರ್ಟ್ ವಿಶ್ವ ಚಾಂಪಿಯನ್ನಿಗೆ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಗಳಲ್ಲಿ 1992ರಲ್ಲಿ ಕಾರ್ಪೋವ್‌ರನ್ನು, 1993ರಲ್ಲಿ ಟಿಮ್ಮನ್‌ರನ್ನು ಸೋಲಿಸಿ ಆಗಿನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ಗೆ ಸವಾಲುಗಾರರಾದರು. ಇಬ್ಬರೂ ವಿಶ್ವ ಚೆಸ್ ಸಂಸ್ಥೆ ಫಿಡೆಯನ್ನು ಬಿಟ್ಟು ಹೊರಬಂದು ಲಂಡನ್ನಿನ ಸವೊಯ್ ಥಿಯೇಟರ್‌ನಲ್ಲಿ ಆಡಿದರು. ಶಾರ್ಟ್ 7.5–12.5ರಿಂದ ಸೋತರು. ಅದರ ಪರಿಣಾಮ ಆ ಅಂಕಕ್ಕಿಂತ ದೊಡ್ಡದು: ವಿಶ್ವ ಪಟ್ಟ ಎರಡಾಗಿ ಒಡೆದು, 2006ರವರೆಗೆ ಒಂದಾಗಲಿಲ್ಲ. ಬಹುಮಾನದ ಹಣ, ಆಟಗಾರರ ಹಕ್ಕು ಎಂಬ ವಾದ ಏನೇ ಇರಲಿ, ಅದು ಆಟಕ್ಕೆ ಆದ ನಷ್ಟ ಎಂದೇ ನನ್ನ ಅಭಿಪ್ರಾಯ. ಆನಂದ್ ಅವರಂಥವರು ತಮ್ಮ ಅತ್ಯುತ್ತಮ ವರ್ಷಗಳಲ್ಲಿ ಈ ಒಡಕಿನ ನಡುವೆಯೇ ಆಡಬೇಕಾಯಿತು.

ಶಾರ್ಟ್ ಒಬ್ಬರೇ ಎಲ್ಲಿಂದಲೋ ಉದುರಿದವರಲ್ಲ. 1972ರಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ ಆಡಲು ಫಿಷರ್ ಹಿಂಜರಿದಾಗ ಬಹುಮಾನದ ಮೊತ್ತವನ್ನು ಇಮ್ಮಡಿ ಮಾಡಿದವರು ಲಂಡನ್ನಿನ ಹಣಕಾಸು ಉದ್ಯಮಿ ಜಿಮ್ ಸ್ಲೇಟರ್. ಚೆಸ್ಸಿನ ಅತ್ಯುನ್ನತ ಪದವಿ ಪಡೆಯುವ ತಮ್ಮ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್‌ಗೆ 5,000 ಪೌಂಡ್ ಎಂದೂ ಅವರು ಘೋಷಿಸಿದರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ವೃದ್ಧ ಜಾಕ್ ಮೀಸೆಸ್ 1950ರಲ್ಲೇ ಬ್ರಿಟನ್ ಪರ ಆ ಪದವಿ ಪಡೆದಿದ್ದರು. ಆದರೆ ಅಲ್ಲೇ ಹುಟ್ಟಿ, ಬೋರ್ಡ್ ಎದುರು ಕೂತು ಅದನ್ನು ಗಳಿಸಿದವರು ಯಾರೂ ಇರಲಿಲ್ಲ. 1976ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಟೋನಿ ಮೈಲ್ಸ್ ಅದನ್ನು ಸಾಧಿಸಿ ಹಣ ಪಡೆದರು. ಅದೇ ಹೊತ್ತಿನಲ್ಲಿ ಲಿಯೊನಾರ್ಡ್ ಬಾರ್ಡನ್ ಕಿರಿಯರ ಟೂರ್ನಿಗಳನ್ನು ಕಟ್ಟುತ್ತ, ಪತ್ರಿಕಾ ಅಂಕಣಗಳಲ್ಲಿ ಹುಡುಗರ ಆಟಗಳನ್ನು ಪರಿಚಯಿಸುತ್ತಿದ್ದರು. ತರಬೇತುದಾರನಾಗಿ ನಾನು ಹೆಚ್ಚು ಗೌರವಿಸುವುದು ಇವರನ್ನೇ. ಹಣ ಒಂದು ಸಲ ಬರುತ್ತದೆ, ವಾರವಾರ ಮಕ್ಕಳನ್ನು ಆಡಿಸುವವನು ಬೇಕು. ಫಲ ಬಂತು. 1984, 1986, 1988ರಲ್ಲಿ ದೇಶಗಳ ತಂಡಗಳು ಆಡುವ ಮೂರು ಒಲಿಂಪಿಯಾಡ್‌ಗಳಲ್ಲಿ ಇಂಗ್ಲೆಂಡ್ ಬೆಳ್ಳಿ ಗೆದ್ದಿತು. 1986ರಲ್ಲಿ ದುಬೈನಲ್ಲಿ ಸೋವಿಯತ್ ತಂಡಕ್ಕಿಂತ ಅವರು ಹಿಂದಿದ್ದದ್ದು ಬರೀ ಅರ್ಧ ಪಾಯಿಂಟ್.

ಮೈಲ್ಸ್ ಬಗ್ಗೆ ಇನ್ನಷ್ಟು ಹೇಳಲೇಬೇಕು. 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ನಡೆದ ಯುರೋಪಿಯನ್ ತಂಡ ಚಾಂಪಿಯನ್‌ಶಿಪ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಪೋವ್ ಇ4 ಆಡಿದಾಗ ಮೈಲ್ಸ್ ಎ6 ಆಡಿದರು, ಮರುನಡೆಯಲ್ಲಿ ಬಿ5. ನೋಡುತ್ತಿದ್ದವರು ನಕ್ಕರು. ನನ್ನ ಕ್ಲಾಸಿನಲ್ಲಿ ಯಾರಾದರೂ ಹಾಗೆ ಆಡಿದರೆ ‘ಮಧ್ಯದ ಮನೆಗಳನ್ನು ಯಾಕೆ ಬಿಟ್ಟೆ’ ಎಂದು ನಾನೂ ಕೇಳುತ್ತೇನೆ. ಆದರೆ ಕಾರ್ಪೋವ್ ಅಂಥವರ ಎದುರು ಹೆಸರುವಾಸಿ ಓಪನಿಂಗ್ ಆಡುವುದೆಂದರೆ ಅವರ ಇಡೀ ತಯಾರಿಯ ಮೇಲೆ ನಡೆದು ಹೋಗುವುದು. ಮೈಲ್ಸ್ ಎರಡೇ ನಡೆಗಳಲ್ಲಿ ಆ ತಯಾರಿಯನ್ನು ನಿರುಪಯುಕ್ತ ಮಾಡಿ, ಇಬ್ಬರೂ ಹೊಸದಾಗಿ ಯೋಚಿಸಬೇಕಾದ ಜಾಗಕ್ಕೆ ಆಟವನ್ನು ತಂದು, ಗೆದ್ದರು. 1985ರಲ್ಲಿ ಟಿಲ್‌ಬರ್ಗ್‌ನಲ್ಲಿ ಬೆನ್ನುನೋವಿನಿಂದ ಕೂರಲಾಗದೆ, ಬೋರ್ಡಿನ ಮುಂದೆ ಮಸಾಜ್ ಮೇಜಿನ ಮೇಲೆ ಬೋರಲು ಮಲಗಿ ಆಡಿ, ಮೊದಲ ಸ್ಥಾನ ಹಂಚಿಕೊಂಡವರೂ ಇವರೇ.

ಇಂಗ್ಲೆಂಡಿನ ಅದೇ ತಂಡದ ಜಾನ್ ನನ್ ಹದಿನೈದನೇ ವಯಸ್ಸಿಗೆ ಆಕ್ಸ್‌ಫರ್ಡ್ ಸೇರಿದ ಗಣಿತಜ್ಞ, ಮುಂದೆ ಚೆಸ್ ಸಮಸ್ಯೆ ಬಿಡಿಸುವುದರಲ್ಲೂ ವಿಶ್ವ ಚಾಂಪಿಯನ್. ಕಾವಲಿಲ್ಲದ ಕಾಯಿ ಬಿದ್ದೇ ಬೀಳುತ್ತದೆ ಎಂಬ ಅವರ ಸೂತ್ರವನ್ನು ನಾನು ಬೇರೆ ಯಾವ ಸಿದ್ಧಾಂತಕ್ಕಿಂತ ಹೆಚ್ಚು ಸಲ ಹೇಳುತ್ತೇನೆ. ನಡೆಯಿಡುವ ಮೊದಲು ನಿನ್ನ ಯಾವ ಕಾಯಿಗೆ ಯಾರ ಬೆಂಬಲವೂ ಇಲ್ಲ ಎಂದು ಒಮ್ಮೆ ನೋಡು. ಚಿಕ್ಕವರ ಟೂರ್ನಿಗಳ ಸೋಲುಗಳಲ್ಲಿ ಹೆಚ್ಚಿನವು ಇದೊಂದನ್ನು ನೋಡದೆ ಆದವು.

ಇನ್ನೂ ಹಿಂದಕ್ಕೆ ಹೋದರೆ ಹವ್ಯಾಸಿಗಳ ಕಾಲ. 1939ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಲಿಂಪಿಯಾಡ್ ನಡೆಯುತ್ತಿರುವಾಗಲೇ ಯುದ್ಧ ಶುರುವಾಯಿತು. ಇಂಗ್ಲೆಂಡ್ ತಂಡ ಅರ್ಧಕ್ಕೇ ಬಿಟ್ಟು ಊರಿಗೆ ಮರಳಿತು. ಆ ತಂಡದ ಹ್ಯೂ ಅಲೆಕ್ಸಾಂಡರ್, ಸ್ಟುವರ್ಟ್ ಮಿಲ್ನರ್-ಬ್ಯಾರಿ, ಹ್ಯಾರಿ ಗೊಲೊಂಬೆಕ್ ಮೂವರೂ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ ಗುಪ್ತಲಿಪಿ ಒಡೆಯುವ ಕೆಲಸಕ್ಕೆ ಸೇರಿದರು. ಸಿಬ್ಬಂದಿ ಸಾಲದೆಂದು ಅಲ್ಲಿದ್ದ ಗಣಿತಜ್ಞ ಟ್ಯೂರಿಂಗ್ ಮತ್ತು ಸಂಗಡಿಗರು 1941ರ ಅಕ್ಟೋಬರ್‌ನಲ್ಲಿ ಚರ್ಚಿಲ್‌ಗೆ ನೇರವಾಗಿ ಬರೆದ ಪತ್ರವನ್ನು ಲಂಡನ್ನಿಗೆ ಒಯ್ದವರು ಮಿಲ್ನರ್-ಬ್ಯಾರಿ. ಫ್ರೆಂಚ್ ಡಿಫೆನ್ಸ್‌ನಲ್ಲಿ ಡಿ4ರ ಪಾನನ್ನು ಬಿಟ್ಟುಕೊಟ್ಟು ದಾಳಿಗೆ ಇಳಿಯುವ ಗ್ಯಾಂಬಿಟ್ ಇಂದಿಗೂ ಅವರ ಹೆಸರಲ್ಲಿದೆ, ನಮ್ಮ ಮಕ್ಕಳೂ ಅದನ್ನು ಆಡುತ್ತಾರೆ. ಯುದ್ಧ ಮುಗಿದ ಮೇಲೂ ಗುಪ್ತಲಿಪಿಯ ಇಲಾಖೆಯಲ್ಲಿ ಕೆಲಸ ಮಾಡಿದ ಅಲೆಕ್ಸಾಂಡರ್, 1953–54ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಬ್ರಾನ್‌ಸ್ಟೈನ್‌ರನ್ನು 120 ನಡೆಗಳ ಆಟದಲ್ಲಿ ಸೋಲಿಸಿದರು. ಮನಶ್ಶಾಸ್ತ್ರದ ಉಪನ್ಯಾಸಕ ಜೊನಾಥನ್ ಪೆನ್‌ರೋಸ್ 1960ರಲ್ಲಿ ಲೈಪ್‌ಜಿಗ್‌ನಲ್ಲಿ, ಅದೇ ವರ್ಷ ವಿಶ್ವ ಚಾಂಪಿಯನ್ ಆಗಿದ್ದ ತಾಲ್‌ರನ್ನು ಸೋಲಿಸಿದರು. ಹಾಲಿ ಚಾಂಪಿಯನ್ನನ್ನು ಬ್ರಿಟಿಷ್ ಆಟಗಾರನೊಬ್ಬ ಸೋಲಿಸಿ ಆಗ 61 ವರ್ಷವಾಗಿತ್ತು, 1899ರಲ್ಲಿ ಬ್ಲ್ಯಾಕ್‌ಬರ್ನ್ ಲಾಸ್ಕರ್‌ರನ್ನು ಮಣಿಸಿದ್ದೇ ಅದಕ್ಕೆ ಮೊದಲಿನದು.

ಆದರೆ ಬ್ರಿಟಿಷ್ ಚೆಸ್ಸಿನ ಅತಿ ದೊಡ್ಡ ಅಚ್ಚರಿ ನಮ್ಮ ಉಪಖಂಡದವನು. ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಸರ್ ಉಮರ್ ಹಯಾತ್ ಖಾನ್ ಜೊತೆ ಲಂಡನ್ನಿಗೆ ಬಂದರು. ಅವರು ಕಲಿತಿದ್ದು ದೇಶಿ ಚದುರಂಗ. ಅದರಲ್ಲಿ ಪಾನ್ ಮೊದಲ ಸಲವೂ ಒಂದೇ ಮನೆ ಮುಂದಿಡುತ್ತದೆ, ಕ್ಯಾಸ್ಲಿಂಗ್ (ರಾಜ ಮತ್ತು ರೂಕ್ ಒಂದೇ ನಡೆಯಲ್ಲಿ ಜಾಗ ಬದಲಿಸುವುದು) ಬದಲು ರಾಜನಿಗೆ ಒಂದು ಸಲ ಕುದುರೆಯ ಹಾಗೆ ಹಾರುವ ಅವಕಾಶ. ಇಂಥವರು ಬಂದ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಓಪನಿಂಗ್ ಸಿದ್ಧಾಂತದಲ್ಲಿ ಅವರು ಬಡವರು, ವಿಂಟರ್ ಮತ್ತು ಯೇಟ್ಸ್ ಹೇಳಿಕೊಟ್ಟಷ್ಟೇ ಬಂಡವಾಳ. ಆದರೆ ಒಂದೊಂದೇ ಮನೆ ಗೆಲ್ಲುತ್ತ ಹೋಗುವ ತಾಳ್ಮೆ ಅಸಾಧಾರಣ. 1930–31ರ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಬ್ಲಾಂಕರನ್ನು 65 ನಡೆಗಳಲ್ಲಿ ಹಿಂಡಿದರು. ಕಾಪಬ್ಲಾಂಕ ಸೋಲುವುದೇ ಅಪರೂಪವಾಗಿದ್ದ ಕಾಲ ಅದು. 1933ರಲ್ಲಿ, ಅದೇ ಮನೆತನದ ಜೊತೆ ಬಂದಿದ್ದ ಫಾತಿಮಾ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಆ ವರ್ಷಾಂತ್ಯಕ್ಕೆ ಸುಲ್ತಾನ್ ಖಾನ್ ಭಾರತಕ್ಕೆ ಮರಳಿದರು, ದೊಡ್ಡ ಟೂರ್ನಿಗಳಿಗೆ ಮತ್ತೆ ಬರಲಿಲ್ಲ. 1966ರಲ್ಲಿ ಪಾಕಿಸ್ತಾನದ ಸರ್ಗೋಧಾದಲ್ಲಿ ತೀರಿಕೊಂಡ ಅವರಿಗೆ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಇಷ್ಟು ತಡ ಮಾಡಬಾರದಿತ್ತು.

ಸುಲ್ತಾನ್ ಖಾನ್‌ರನ್ನು ಸೋಲಿಸಿದವರಲ್ಲಿ ವೇರಾ ಮೆಂಚಿಕ್ ಒಬ್ಬರು. ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ತಾಯಿಯ ದೇಶ ಇಂಗ್ಲೆಂಡಿನ ಹೇಸ್ಟಿಂಗ್ಸ್‌ಗೆ ಬಂದ ಈಕೆ 1927ರಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್. ಮಾಸ್ಟರ್‌ಗಳ ಟೂರ್ನಿಗಳಲ್ಲಿ ಗಂಡಸರೊಂದಿಗೆ ಆಡಿ, ಮುಂದೆ ವಿಶ್ವ ಚಾಂಪಿಯನ್ ಆದ ಯೂವೆಯಂಥವರನ್ನೂ ಸೋಲಿಸಿದರು. 1944ರಲ್ಲಿ ಲಂಡನ್ನಿನ ಮನೆಯ ಮೇಲೆ ಜರ್ಮನ್ ವಿ-1 ಹಾರುವ ಬಾಂಬ್ ಬಿದ್ದು, ತಾಯಿ ಮತ್ತು ತಂಗಿಯೊಂದಿಗೆ ಸತ್ತಾಗಲೂ ಅವರೇ ಹಾಲಿ ಚಾಂಪಿಯನ್. ಮಹಿಳಾ ಒಲಿಂಪಿಯಾಡ್ ಗೆದ್ದ ತಂಡ ಎತ್ತಿಹಿಡಿಯುವ ಕಪ್ ಅವರ ಹೆಸರಿನದು.

ಹತ್ತೊಂಬತ್ತನೇ ಶತಮಾನದ ಹೊವರ್ಡ್ ಸ್ಟಾಂಟನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ಮುಗಿಸುತ್ತೇನೆ. 1843ರಲ್ಲಿ ಪ್ಯಾರಿಸ್‌ಗೆ ಹೋಗಿ ಸೇಂಟ್-ಅಮಾನ್‌ರನ್ನು ಸೋಲಿಸಿದರು, 1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ನಡೆಸಿದರು. ನಾವು ಟೂರ್ನಿಗಳಲ್ಲಿ ಬಳಸುವ ಕಾಯಿಗಳ ಮಾದರಿ 1849ರಲ್ಲಿ ನಥಾನಿಯಲ್ ಕುಕ್ ನೋಂದಾಯಿಸಿದ್ದು, ಜಾಕ್ಸ್ ಕಂಪನಿ ತಯಾರಿಸಿದ್ದು, ಸ್ಟಾಂಟನ್ ಹೆಸರು ಕೊಟ್ಟದ್ದು. 1851ರಲ್ಲಿ ಸಮಯದ ಮಿತಿಯೇ ಇರಲಿಲ್ಲ, ಒಬ್ಬೊಬ್ಬರು ಮನಸ್ಸಿಗೆ ಬಂದಷ್ಟು ಹೊತ್ತು ಯೋಚಿಸಬಹುದಿತ್ತು. ಮ್ಯಾಂಚೆಸ್ಟರ್‌ನ ಥಾಮಸ್ ಬ್ರೈಟ್ ವಿಲ್ಸನ್ ರೂಪಿಸಿದ ಜೋಡಿ ಗಡಿಯಾರ 1883ರ ಲಂಡನ್ ಟೂರ್ನಿಗೆ ಬಂದ ಮೇಲೆ ಸಮಯವೂ ಆಟದ ಒಂದು ಭಾಗವಾಯಿತು.

ಭಾರತೀಯರಿಗೆ ಆ ದೇಶದ ಟೂರ್ನಿಗಳು ಬಹಳ ಕಾಲ ಹೊರಜಗತ್ತಿನ ಬಾಗಿಲಾಗಿದ್ದವು. 1982ರಲ್ಲಿ ಲಂಡನ್ನಿನಲ್ಲಿ ಹದಿಹರೆಯದ ದಿಬ್ಯೇಂದು ಬರುವಾ, ವಿಶ್ವ ಪಟ್ಟಕ್ಕೆ ಸವಾಲು ಹಾಕಿದ್ದ ಕೊರ್ಚ್‌ನಾಯ್‌ರನ್ನು ಸೋಲಿಸಿದರು. 2002ರಲ್ಲಿ ಆರ್.ಬಿ. ರಮೇಶ್, 2003ರಲ್ಲಿ ಅಭಿಜಿತ್ ಕುಂಟೆ ಬ್ರಿಟಿಷ್ ಚಾಂಪಿಯನ್ ಆದರು. ಕಾಮನ್‌ವೆಲ್ತ್ ದೇಶದವರಿಗೆ ಇದ್ದ ಆ ಅವಕಾಶ 2004ರಿಂದ ನಿಂತಿತು. 2024ರಲ್ಲಿ ಅದೇ ಚಾಂಪಿಯನ್‌ಶಿಪ್‌ನಲ್ಲಿ ಆಡುತ್ತ ಬ್ರಿಟನ್ನಿನ ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಆದ ಶ್ರೇಯಸ್ ರಾಯಲ್ ಕೂಡ ಮೂರನೇ ವಯಸ್ಸಿಗೆ ಭಾರತದಿಂದ ಅಲ್ಲಿಗೆ ಹೋದವರು.

ಮನೆಯಲ್ಲಿ ಈ ಆಟಗಳನ್ನು ನೋಡಿಸುವ ತಂದೆತಾಯಿಗೆ ಒಂದು ಕ್ರಮ ಹೇಳುತ್ತೇನೆ. ನಡೆ ಲೆಕ್ಕ ಹಾಕಿಕೊಡುವ ಚೆಸ್ ಎಂಜಿನ್ (ತಂತ್ರಾಂಶ) ಬಂದ್ ಮಾಡಿ, ಮೊಬೈಲ್ ಪಕ್ಕಕ್ಕಿಡಿ, ನಿಜವಾದ ಬೋರ್ಡ್ ಮೇಲೆ ಕಾಯಿ ಇಡಿ. ಓಪನಿಂಗ್ ಬೇಗ ದಾಟಿಸಿ. ಅಲ್ಲಿಂದ ಮುಂದೆ ಗೆದ್ದವನ ಪ್ರತಿ ನಡೆಗೂ ಮುಂಚೆ ಮಗು ತನ್ನ ನಡೆಯನ್ನು ಕಾಗದದಲ್ಲಿ ಬರೆಯಲಿ, ಪಕ್ಕದಲ್ಲಿ ಒಂದು ಸಾಲಿನ ಕಾರಣವನ್ನೂ. ಸುಲ್ತಾನ್ ಖಾನ್–ಕಾಪಬ್ಲಾಂಕ ಆಟಕ್ಕೆ ಎರಡು ಸಂಜೆ ತೆಗೆದುಕೊಳ್ಳಿ, ಒಂದೇ ಸಲಕ್ಕೆ ಮುಗಿಸಬೇಡಿ. ಆ ಕಾಗದವನ್ನು ಕ್ಲಾಸಿಗೆ ಕಳಿಸಿಕೊಡಿ. ನಡೆ ತಪ್ಪಾಗಿದ್ದರೂ ಪರವಾಗಿಲ್ಲ, ಬರೆದ ಕಾರಣ ನೋಡಿದರೆ ಮುಂದಿನ ಪಾಠ ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಾಗುತ್ತದೆ.