ಕರೆಂಟು ಹೋದ ಮೇಲಿನ ಚಳಿ

2021ರ ಫೆಬ್ರವರಿ 15ರ ನಸುಕಿನಲ್ಲಿ, ಗಂಟೆ ಎರಡಾಗಲು ಇನ್ನೂ ಕೆಲವು ನಿಮಿಷಗಳಿರುವಾಗ, ಅಮೆರಿಕದ ಟೆಕ್ಸಾಸ್ ರಾಜ್ಯದ ವಿದ್ಯುತ್ ಜಾಲದ ಆವರ್ತನ 60 ಹರ್ಟ್ಸ್‌ನಿಂದ 59.3ಕ್ಕೆ ಕುಸಿಯಿತು. ವಿದ್ಯುತ್ ಪ್ರವಾಹ ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬುದರ ಅಳತೆ ಇದು; ಬೇಡಿಕೆಗೆ ಉತ್ಪಾದನೆ ಸಾಲದಾದಾಗ ಇಳಿಯುತ್ತದೆ. ಸಂಖ್ಯೆಯಲ್ಲಿ ಈ ವ್ಯತ್ಯಾಸ ಅತ್ಯಲ್ಪ. ಆದರೆ ಆವರ್ತನವು 59.4ಕ್ಕಿಂತ ಕೆಳಗೆ ಒಂಬತ್ತು ನಿಮಿಷ ಉಳಿದರೆ ಉತ್ಪಾದನಾ ಘಟಕಗಳು ತಮ್ಮ ಯಂತ್ರಗಳನ್ನು ಕಾಪಾಡಿಕೊಳ್ಳಲು ಜಾಲದಿಂದ ಕಳಚಿಕೊಳ್ಳತೊಡಗುತ್ತವೆ, ಮತ್ತು ಹಾಗಾದರೆ ಇಡೀ ರಾಜ್ಯ ವಾರಗಟ್ಟಲೆ ಕತ್ತಲಲ್ಲಿ ಉಳಿಯುವ ಸಾಧ್ಯತೆ ಇತ್ತು. ಆ ರಾತ್ರಿ ಅದು ಉಳಿದದ್ದು ನಾಲ್ಕು ನಿಮಿಷ 23 ಸೆಕೆಂಡು. ಜಾಲವನ್ನು ನಿರ್ವಹಿಸುವ ಎರ್ಕಾಟ್ ಸಂಸ್ಥೆಯು ಲಕ್ಷಾಂತರ ಮನೆಗಳ ವಿದ್ಯುತ್ತನ್ನು ಕಡಿತಗೊಳಿಸಿ ಜಾಲವನ್ನು ಉಳಿಸಿಕೊಂಡಿತು. ಜಾಲ ಉಳಿಯಿತು, ಆದರೆ ಸುಮಾರು 45 ಲಕ್ಷ ಮನೆಗಳು ಮತ್ತು ಕಟ್ಟಡಗಳು ಕೊರೆಯುವ ಚಳಿಯಲ್ಲಿ ಕರೆಂಟಿಲ್ಲದೆ ಉಳಿದವು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದ ಪ್ರಕಾರ ಆ ದಿನಗಳ ಹಿಮದ ಬಿರುಗಾಳಿಯಿಂದ ಸತ್ತವರು 246 ಮಂದಿ.

ಈ ಲೆಕ್ಕದ ಒಳಗನ್ನು ಗಮನವಿಟ್ಟು ಓದಬೇಕು. ಹಿಮದ ಬಿರುಗಾಳಿ ಎಂದರೆ ಬಯಲಲ್ಲಿ ಸಿಕ್ಕಿಬಿದ್ದವರ ಸಾವು ಎಂಬ ಚಿತ್ರವೇ ನಮ್ಮ ಮನಸ್ಸಿಗೆ ಬರುತ್ತದೆ. ಟೆಕ್ಸಾಸ್‌ನಲ್ಲಿ ಸತ್ತವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ದೇಹದ ಉಷ್ಣತೆ ಕುಸಿದು ಸತ್ತರು, ಮತ್ತು ಅವರಲ್ಲಿ ಅನೇಕರು ಸತ್ತದ್ದು ತಮ್ಮ ಮನೆಯೊಳಗೇ. ಹತ್ತೊಂಬತ್ತು ಮಂದಿ ಚಳಿಯಿಂದ ತಪ್ಪಿಸಿಕೊಳ್ಳಲು ಹಚ್ಚಿದ ಇಂಧನದ ವಿಷಾನಿಲದಿಂದ ಸತ್ತರು. ರಸ್ತೆ ಅಪಘಾತಗಳು, ಬೆಂಕಿ, ಜಾರಿ ಬಿದ್ದದ್ದು, ಇದ್ದ ಕಾಯಿಲೆ ಉಲ್ಬಣಿಸಿದ್ದು ಉಳಿದ ಕಾರಣಗಳು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರವತ್ತು ದಾಟಿದವರು. ಆದ್ದರಿಂದ ಚಳಿಗಾಲದ ಬಿರುಗಾಳಿಗೆ ಸಿದ್ಧತೆ ಎಂದರೆ, ನನ್ನ ದೃಷ್ಟಿಯಲ್ಲಿ, ಮೊಟ್ಟಮೊದಲು ಕರೆಂಟಿಲ್ಲದ ಮನೆಯಲ್ಲಿ ಎರಡು ಮೂರು ದಿನ ಬದುಕುವ ಸಿದ್ಧತೆ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ನಗರಗಳಲ್ಲಿ ಸಾವಿರಾರು ಕನ್ನಡಿಗರ ಸಂಸಾರಗಳಿವೆ. ಊರಿನಿಂದ ಬಂದು ಮಕ್ಕಳ ಜೊತೆ ಇರುವ ವಯಸ್ಸಾದ ತಂದೆತಾಯಿಯರೂ ಆ ಮನೆಗಳಲ್ಲಿರುತ್ತಾರೆ. ಅವರಿಗೆ ಈ ಮಾತು ನೇರವಾಗಿ ಸಂಬಂಧಿಸಿದ್ದು.

ಅಷ್ಟು ದಕ್ಷಿಣಕ್ಕೆ ಅಂಥ ಚಳಿ ಬಂದದ್ದು ಹೇಗೆ? ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ, ವಾಯುಮಂಡಲದ ಮೇಲಿನ ಪದರವಾದ ಸ್ತರಗೋಳದಲ್ಲಿ, ಅತಿ ಶೀತಲ ಗಾಳಿಯ ದೊಡ್ಡ ಸುಳಿಯೊಂದು ಪಶ್ಚಿಮದಿಂದ ಪೂರ್ವಕ್ಕೆ ಸುತ್ತುತ್ತಿರುತ್ತದೆ. ಸುಳಿ ಬಲವಾಗಿದ್ದಾಗ ಚಳಿ ಉತ್ತರದಲ್ಲೇ ಬಂದಿಯಾಗಿರುತ್ತದೆ. 2021ರ ಜನವರಿ ಮೊದಲ ವಾರದಲ್ಲಿ ಸ್ತರಗೋಳ ಹಠಾತ್ತನೆ ಬಿಸಿಯಾಗಿ ಈ ಸುಳಿ ಚದುರಿತು. ಕೆಲವು ವಾರಗಳ ಬಳಿಕ ಅದರ ಕೆಳಗೆ ವೇಗವಾಗಿ ಬೀಸುವ ಗಾಳಿಯ ಹರಿವಾದ ಜೆಟ್ ಪ್ರವಾಹ ಅಂಕುಡೊಂಕಾಗಿ ಬಾಗಿ, ಧ್ರುವದ ಗಾಳಿ ಅಮೆರಿಕದ ನಡುವಿನ ಬಯಲುಗಳ ಮೂಲಕ ಅಡೆತಡೆಯಿಲ್ಲದೆ ಟೆಕ್ಸಾಸ್‌ವರೆಗೆ ಇಳಿಯಿತು. ಫೆಬ್ರವರಿ 16ರಂದು ಡಲ್ಲಾಸ್‌ನ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಗಾಳಿಯಂತ್ರಗಳ ರೆಕ್ಕೆಗಳಿಗೆ ಹಿಮ ಹಿಡಿಯಿತು, ಅನಿಲ ಬಾವಿಗಳ ಮತ್ತು ಕೊಳವೆಗಳ ಬಾಯಿ ಹೆಪ್ಪುಗಟ್ಟಿತು, ಕಲ್ಲಿದ್ದಲು ಮತ್ತು ಅನಿಲ ಸ್ಥಾವರಗಳ ಮಾಪಕಗಳು ಕೆಟ್ಟವು. ಟೆಕ್ಸಾಸ್‌ನ ಹೆಚ್ಚಿನ ಭಾಗದ ಜಾಲ ದೇಶದ ಉಳಿದ ಜಾಲಗಳಿಂದ ಬೇರೆಯಾಗಿರುವುದರಿಂದ ನೆರೆಯಿಂದ ತರಿಸಿಕೊಳ್ಳಬಹುದಾದ ವಿದ್ಯುತ್ತು ತೀರ ಕಡಿಮೆ. ನಮ್ಮ ದಕ್ಷಿಣ ಭಾರತದ ಜಾಲವೂ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ರಾಷ್ಟ್ರೀಯ ಜಾಲಕ್ಕೆ ಸೇರುವ ತನಕ ಹೆಚ್ಚುಕಡಿಮೆ ಪ್ರತ್ಯೇಕವಾಗಿಯೇ ಇತ್ತು. ಹಾಗೆ ಸೇರುವುದರ ಬೆಲೆ ಎಷ್ಟೆಂದು ತಿಳಿಯುವುದು ಇಂಥ ರಾತ್ರಿಗಳಲ್ಲಿ.

ಲೋಡ್ ಶೆಡ್ಡಿಂಗ್ ನಮಗೆ ಹೊಸದಲ್ಲ: ಈ ಬಡಾವಣೆಗೆ ಎರಡು ಗಂಟೆ, ಮುಂದಿನದಕ್ಕೆ ಎರಡು ಗಂಟೆ. ಟೆಕ್ಸಾಸ್‌ನಲ್ಲಿಯೂ ಸರದಿಯ ಮೇಲೆ ಕಡಿತ ಮಾಡುವುದೇ ಉದ್ದೇಶವಾಗಿತ್ತು. ಆದರೆ ಕೊರತೆ 20,000 ಮೆಗಾವಾಟ್ ಮುಟ್ಟಿದಾಗ, ಆಸ್ಪತ್ರೆಯಂಥ ಅತ್ಯಗತ್ಯ ಕಟ್ಟಡಗಳಿರುವ ಮಾರ್ಗಗಳನ್ನು ಬಿಟ್ಟರೆ ಸರದಿ ಬದಲಿಸಲು ಉಳಿದ ಮಾರ್ಗಗಳೇ ಸಾಲದಾದವು. ಮೊದಲು ಕರೆಂಟು ಹೋದ ಮನೆಗಳಿಗೆ ಅದು ದಿನಗಟ್ಟಲೆ ಮರಳಿ ಬರಲಿಲ್ಲ. ಆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಾಗುವುದು ವಿದ್ಯುತ್ತಿನಿಂದ. ಅನಿಲದ ಕುಲುಮೆಯಿದ್ದ ಮನೆಗಳಲ್ಲೂ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನ್ ತಿರುಗಲು ವಿದ್ಯುತ್ತೇ ಬೇಕು.

ಬಿರುಗಾಳಿಗೆ ಮುಂಚಿನ ದಿನಗಳು ಅಮೂಲ್ಯ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು ಬಿರುಗಾಳಿ ಬರುವ ಸಾಧ್ಯತೆಯನ್ನು ಒಂದು ಹಂತದ ಸೂಚನೆಯಲ್ಲೂ, ಅದು ಬಂದೇ ಬರುತ್ತದೆ ಅಥವಾ ಬಂದಾಗಿದೆ ಎಂಬುದನ್ನು ಅದಕ್ಕಿಂತ ಗಂಭೀರವಾದ ಎಚ್ಚರಿಕೆಯಲ್ಲೂ ತಿಳಿಸುತ್ತದೆ. ಮೊದಲನೆಯ ಸೂಚನೆ ಬಂದಾಗಲೇ ಕೆಲಸ ಆರಂಭಿಸಬೇಕು, ಏಕೆಂದರೆ ಎರಡನೆಯದು ಬರುವಷ್ಟರಲ್ಲಿ ಅಂಗಡಿಗಳ ಕಪಾಟುಗಳು ಬರಿದಾಗಿರುತ್ತವೆ ಮತ್ತು ರಸ್ತೆ ಅಪಾಯಕಾರಿಯಾಗಿರುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕನಿಷ್ಠ ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ಟಾರ್ಚು, ಬ್ಯಾಟರಿ, ತುಂಬಿಸಿಟ್ಟ ಪವರ್ ಬ್ಯಾಂಕ್, ಒಂದು ವಾರದ ಔಷಧ ಬೇಕು. ನಲ್ಲಿ ನೀರು ಬರುವ ದಿನ ಹಂಡೆ, ಬಿಂದಿಗೆಗಳನ್ನು ತುಂಬಿಸಿಟ್ಟುಕೊಳ್ಳುವ ನಮ್ಮ ಊರುಗಳ ರೂಢಿ ಇಲ್ಲಿ ಹಾಗೆಯೇ ಸಲ್ಲುತ್ತದೆ. ಸ್ನಾನದ ತೊಟ್ಟಿ ತುಂಬಿಸಿಟ್ಟರೆ ಶೌಚಾಲಯಕ್ಕಾದರೂ ನೀರಿರುತ್ತದೆ. ಮನೆಯಲ್ಲಿ ಆಮ್ಲಜನಕ ಯಂತ್ರದಂಥ ಸಾಧನ ಬಳಸುವವರಿದ್ದರೆ, ಕರೆಂಟು ಹೋದಾಗ ಅವರು ಎಲ್ಲಿಗೆ ಹೋಗಬೇಕೆಂಬುದನ್ನು ಬಿರುಗಾಳಿಗೆ ಮೊದಲೇ ತೀರ್ಮಾನಿಸಿರಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು; ತಣ್ಣಗಾದ ಮನೆಯಲ್ಲಿ ಅದನ್ನು ಕಿಟಕಿಯ ಪಕ್ಕ ಇಡಬಾರದು.

ನೀರಿನ ಪೈಪುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅವು ಒಡೆಯುವ ಬಗೆಯನ್ನು ಹೆಚ್ಚಿನವರು ತಪ್ಪಾಗಿ ತಿಳಿದಿರುತ್ತಾರೆ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಒಂಬತ್ತು ಶೇಕಡಾ ಹಿಗ್ಗುತ್ತದೆ ಎಂಬುದು ನಿಜ. ಆದರೆ ಪೈಪು ಸಾಮಾನ್ಯವಾಗಿ ಒಡೆಯುವುದು ಮಂಜುಗಡ್ಡೆ ಕಟ್ಟಿದ ಜಾಗದಲ್ಲಿ ಅಲ್ಲ. ಮಂಜುಗಡ್ಡೆಯ ಬೆಣೆ ಬೆಳೆಯುತ್ತ ಹೋದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ವಿಪರೀತವಾಗಿ ಏರುತ್ತದೆ, ಮತ್ತು ಆ ನಡುವಿನ ದುರ್ಬಲ ಜಾಗದಲ್ಲಿ ಪೈಪು ಸೀಳುತ್ತದೆ. ನಲ್ಲಿಯನ್ನು ತೊಟ್ಟಿಕ್ಕಲು ಬಿಡಬೇಕೆನ್ನುವುದಕ್ಕೆ ಇದೇ ಕಾರಣ: ಹರಿವಿನಿಂದ ನೀರು ಹೆಪ್ಪುಗಟ್ಟುವುದು ತಡವಾಗುವುದಲ್ಲದೆ, ಹೆಪ್ಪುಗಟ್ಟಿದರೂ ಒತ್ತಡಕ್ಕೆ ಹೊರದಾರಿ ಇರುತ್ತದೆ. ಹೊರಗಿನ ಉಷ್ಣಾಂಶ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿಳಿಯುವ ಮುನ್ಸೂಚನೆಯಿದ್ದರೆ ಹೊರಗೋಡೆಗೆ ಹೊಂದಿಕೊಂಡ ನಲ್ಲಿಗಳನ್ನು, ತಣ್ಣೀರು ಬಿಸಿನೀರು ಎರಡನ್ನೂ, ಸಣ್ಣಗೆ ತೆರೆದಿಡಬೇಕು ಮತ್ತು ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದು ಮನೆಯ ಗಾಳಿ ಪೈಪಿಗೆ ತಾಗುವಂತೆ ಮಾಡಬೇಕು. ನಗರದ ನೀರಿನ ಒತ್ತಡವೇ ಕುಸಿಯುತ್ತಿದ್ದು ತೊಟ್ಟಿಕ್ಕಿಸಬೇಡಿ ಎಂದು ಅಧಿಕಾರಿಗಳು ಕೇಳಿಕೊಂಡರೆ, ಅಥವಾ ಮನೆ ಬಿಟ್ಟು ಹೋಗುವುದಾದರೆ, ಮುಖ್ಯ ವಾಲ್ವ್ ಮುಚ್ಚಿ ನಲ್ಲಿಗಳನ್ನೆಲ್ಲ ತೆರೆದು ಪೈಪುಗಳನ್ನು ಬರಿದು ಮಾಡುವುದು ಸರಿಯಾದ ದಾರಿ. ಆ ವಾಲ್ವ್ ಎಲ್ಲಿದೆ, ಅದನ್ನು ತಿರುಗಿಸುವುದು ಹೇಗೆ ಎಂಬುದನ್ನು ಮನೆಯ ಪ್ರತಿಯೊಬ್ಬ ದೊಡ್ಡವರೂ ಹಗಲಿನಲ್ಲೇ ನೋಡಿಟ್ಟುಕೊಂಡಿರಬೇಕು.

ಬಿರುಗಾಳಿ ಬಂದಾಗ ರಸ್ತೆಗಿಳಿಯದಿರುವುದು ಎಲ್ಲಕ್ಕಿಂತ ಉತ್ತಮ. ಮೇಲಿನ ಬೆಚ್ಚಗಿನ ಪದರದಲ್ಲಿ ಕರಗಿದ ಮಳೆಹನಿಗಳು ನೆಲದ ಹತ್ತಿರದ ಅತಿ ತಣ್ಣನೆಯ ಪದರವನ್ನು ದಾಟುವಾಗ ದ್ರವವಾಗಿಯೇ ಉಳಿದು, ಡಾಂಬರನ್ನು ಮುಟ್ಟಿದ ಕ್ಷಣ ಕಣ್ಣಿಗೆ ಕಾಣದ ಮಂಜಿನ ಗಾಜಾಗುತ್ತವೆ. 2021ರ ಫೆಬ್ರವರಿ 11ರ ಬೆಳಿಗ್ಗೆ ಫೋರ್ಟ್ ವರ್ತ್ ನಗರದ ಹೆದ್ದಾರಿಯಲ್ಲಿ ನೂರಮೂವತ್ತಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಅಪ್ಪಳಿಸಿ ಆರು ಮಂದಿ ಸತ್ತದ್ದು ಇಂಥದೇ ರಸ್ತೆಯಲ್ಲಿ. ಕಾರಿನಲ್ಲಿ ಸಿಕ್ಕಿಕೊಂಡವರು ಕಾರನ್ನು ಬಿಟ್ಟು ನಡೆಯಬಾರದು. ಗಂಟೆಗೆ ಹತ್ತು ನಿಮಿಷದಷ್ಟು ಮಾತ್ರ ಎಂಜಿನ್ ಓಡಿಸಿ, ಅದಕ್ಕೆ ಮೊದಲು ಹೊಗೆ ಕೊಳವೆಯ ಬಾಯಿಯಲ್ಲಿ ಹಿಮ ಕಟ್ಟಿಲ್ಲವೆಂದು ನೋಡಿ, ಒಂದು ಕಿಟಕಿಯನ್ನು ತುಸು ಇಳಿಸಿಡಬೇಕು.

ಮನೆಯೊಳಗೆ, ಇಡೀ ಮನೆಯನ್ನು ಬೆಚ್ಚಗಿಡುವ ಆಸೆಯನ್ನು ಬಿಡಬೇಕು. ಕಿಟಕಿ ಕಡಿಮೆಯಿರುವ ಒಂದು ಚಿಕ್ಕ ಕೋಣೆಯನ್ನು ಆರಿಸಿ, ಬಾಗಿಲಿನ ಸಂದಿಗೆ ಟವೆಲು ತುರುಕಿ, ಕಿಟಕಿಗೆ ಕಂಬಳಿ ಕಟ್ಟಿ, ಮನೆಮಂದಿಯೆಲ್ಲ ಅಲ್ಲೇ ಸೇರಬೇಕು. ಸುಮ್ಮನೆ ಕುಳಿತ ಮನುಷ್ಯನ ದೇಹವೂ ಸುಮಾರು ನೂರು ವಾಟ್‌ನಷ್ಟು ಶಾಖ ಹೊರಸೂಸುತ್ತದೆ. ನಾಲ್ವರು ಒಂದೇ ಕೋಣೆಯಲ್ಲಿದ್ದರೆ ಅದು ಲೆಕ್ಕಕ್ಕೆ ಬರುವ ಶಾಖವೇ. ನೆಲದ ಕಡೆಗೂ ಶಾಖ ಸೋರುತ್ತದೆಯಾದ್ದರಿಂದ ಮೇಲೆ ಹೊದೆಯುವಷ್ಟನ್ನೇ ಕೆಳಗೂ ಹಾಸಬೇಕು. ಬಟ್ಟೆ ಒಂದೇ ದಪ್ಪನೆಯದಕ್ಕಿಂತ ಹಲವು ಪದರಗಳಾಗಿರಲಿ, ಏಕೆಂದರೆ ಚಳಿಯನ್ನು ತಡೆಯುವುದು ಪದರಗಳ ನಡುವೆ ನಿಂತ ಗಾಳಿ.

ಹೀಗೆ ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಏನನ್ನೂ ಉರಿಸಬಾರದು. ಈ ಒಂದು ಮಾತನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಇದ್ದಿಲಿನ ಅಗ್ಗಿಷ್ಟಿಕೆ ನಮಗೆ ಪರಿಚಿತ, ಹೊಗೆಯಿಲ್ಲದ ಕೆಂಡ ನಿರಪಾಯಕಾರಿ ಎಂಬ ನಂಬಿಕೆಯೂ ಹಳೆಯದು. ಹಂಚಿನ ಸಂದಿಗಳಿಂದ ಗಾಳಿ ಆಡುತ್ತಿದ್ದ ಹಳೆಯ ಮನೆಗಳಲ್ಲಿ ಆ ನಂಬಿಕೆ ಹೇಗೋ ನಡೆದುಬಂತು. ಅರೆಬರೆ ಉರಿಯುವ ಇದ್ದಿಲು, ಪೆಟ್ರೋಲು, ಅನಿಲ ಇವೆಲ್ಲವೂ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಮತ್ತು ಶುದ್ಧ ಗಾಳಿಗೆ ಬಂದ ಮೇಲೂ ಅದರ ಅರ್ಧ ಭಾಗ ಹೊರಹೋಗಲು ನಾಲ್ಕೈದು ಗಂಟೆ ಬೇಕು. ಟೆಕ್ಸಾಸ್‌ನಲ್ಲಿ ಆ ವಾರ ಸಾವಿರಕ್ಕೂ ಹೆಚ್ಚು ಮಂದಿ ಈ ವಿಷದಿಂದಾಗಿ ತುರ್ತು ಚಿಕಿತ್ಸೆಗೆ ಹೋದರು: ಇದ್ದಿಲಿನ ಒಲೆಯನ್ನು ಒಳಗೆ ತಂದವರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕುಳಿತವರು, ಜನರೇಟರನ್ನು ಬಾಗಿಲ ಬಳಿ ಇಟ್ಟವರು. ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಆಗುವ ಸಾವುಗಳಿಗೂ ಕಾರಣ ಇದೇ ಅನಿಲ. ಜನರೇಟರ್ ಮನೆಯಿಂದ ಕನಿಷ್ಠ ಆರು ಮೀಟರ್ ದೂರದಲ್ಲಿ, ಅದರ ಹೊಗೆ ಕಿಟಕಿ ಬಾಗಿಲುಗಳತ್ತ ಬರದಂತೆ, ಬಯಲಲ್ಲಿರಬೇಕು. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗಿಡುವಂತಿಲ್ಲ. ಗ್ಯಾಸ್ ಒಲೆಯಲ್ಲಿ ಕಿಟಕಿ ತುಸು ತೆರೆದು ಅಡುಗೆ ಮಾಡಿಕೊಳ್ಳಬಹುದು, ಕೋಣೆ ಬಿಸಿ ಮಾಡಲು ಅದನ್ನು ಹಚ್ಚಿಡಬಾರದು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಜಾಗದ ಹತ್ತಿರ ಇರಲೇಬೇಕು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಏಕಕಾಲಕ್ಕೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕಾರಣ ಹುಡುಕುತ್ತ ಕೂರದೆ ಎಲ್ಲರೂ ಹೊರಗೆ ಹೋಗಿ ತುರ್ತು ಸಹಾಯಕ್ಕೆ ಕರೆ ಮಾಡಬೇಕು.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮೊದಲು ನಡುಕ ಹೆಚ್ಚಾಗುತ್ತದೆ, ಮಾತು ತೊದಲುತ್ತದೆ, ಗುಂಡಿ ಹಾಕಲು ಬೆರಳು ಬಗ್ಗುವುದಿಲ್ಲ. ಉಷ್ಣತೆ 32ರ ಆಸುಪಾಸಿಗೆ ಇಳಿದಾಗ ನಡುಕ ನಿಲ್ಲುತ್ತದೆ. ನೋಡುವವರಿಗೆ ಸುಧಾರಿಸಿದಂತೆ ಕಾಣುವ ಈ ಹಂತವೇ ಅತ್ಯಂತ ಅಪಾಯದ್ದು. ವಯಸ್ಸಾದವರಲ್ಲಿ ನಡುಕವೇ ಸರಿಯಾಗಿ ಹುಟ್ಟದಿರಬಹುದು, ಚಳಿಯಾಗುತ್ತಿದೆಯೆಂಬ ಅರಿವೂ ಮಂದವಾಗಿರುತ್ತದೆ. ಅಮ್ಮ ‘ನನಗೇನೂ ಚಳಿಯಿಲ್ಲ’ ಎಂದರೆ ಅಷ್ಟಕ್ಕೇ ನಂಬಬಾರದು, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಬೇಕು, ಮಾತಿಗೆ ಸರಿಯಾಗಿ ಉತ್ತರಿಸುತ್ತಾರೆಯೇ ಎಂದು ಗಮನಿಸಬೇಕು. ಬೆಚ್ಚಗೆ ಮಾಡುವಾಗ ಎದೆ, ಹೊಟ್ಟೆ, ಕುತ್ತಿಗೆಯಿಂದ ಆರಂಭಿಸಬೇಕು. ಕೈಕಾಲು ತಿಕ್ಕಿದರೆ ಅಲ್ಲಿಯ ತಣ್ಣನೆಯ ರಕ್ತ ಹೃದಯದತ್ತ ನುಗ್ಗುತ್ತದೆ. ಪೂರ್ಣ ಎಚ್ಚರವಿರುವವರಿಗೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಮದ್ಯ ಬೇಡ: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಿನ ಭ್ರಮೆ ಕೊಟ್ಟು ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಬಿಸಿನೀರಿನ ಚೀಲವನ್ನು ಬರಿಗಾಲಿಗೆ ತಾಗಿಸಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಆಕಾಶ ತಿಳಿಯಾದ ಮೇಲೂ ಅಪಾಯ ಮುಗಿದಿರುವುದಿಲ್ಲ. ಹೆಪ್ಪುಗಟ್ಟಿದ ಪೈಪಿನ ಸೀಳು ಕಾಣಿಸುವುದು ಮಂಜುಗಡ್ಡೆ ಕರಗಿದಾಗ, ಆದ್ದರಿಂದ ಬಿಸಿಲು ಬಂದ ದಿನ ಮನೆಯಲ್ಲಿ ಯಾರಾದರೂ ಮುಖ್ಯ ವಾಲ್ವ್ ಹತ್ತಿರವಿರಬೇಕು. ಪೈಪು ಕರಗಿಸಲು ನಲ್ಲಿಯ ಕಡೆಯಿಂದ ಆರಂಭಿಸಿ ಹೇರ್ ಡ್ರೈಯರ್ ಬಳಸಬಹುದು, ಬೆಂಕಿ ಹಿಡಿಯಬಾರದು. ಛಾವಣಿ ನೆನೆದಿದ್ದರೆ ಮೊದಲು ಆ ಭಾಗದ ವಿದ್ಯುತ್ ನಿಲ್ಲಿಸಬೇಕು. ಟೆಕ್ಸಾಸ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಜನರ ನೀರು ಪೂರೈಕೆ ಅಸ್ತವ್ಯಸ್ತಗೊಂಡು, ಕುದಿಸಿ ಕುಡಿಯಿರಿ ಎಂಬ ಸೂಚನೆ ಹಲವು ದಿನ ಜಾರಿಯಲ್ಲಿತ್ತು. ಅಂಥ ನೀರು ಕನಿಷ್ಠ ಒಂದು ನಿಮಿಷ ಚೆನ್ನಾಗಿ ಕುದಿಯಬೇಕು. ಬಾಗಿಲು ತೆರೆಯದ ಫ್ರಿಜ್‌ನಲ್ಲಿ ಆಹಾರ ನಾಲ್ಕು ಗಂಟೆ, ತುಂಬಿದ ಫ್ರೀಜರ್‌ನಲ್ಲಿ ಎರಡು ದಿನ ಕೆಡದಿರುತ್ತದೆ. ಹೃದ್ರೋಗವಿರುವವರು ಹಿಮ ತೋಡುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು, ಏಕೆಂದರೆ ಚಳಿಗೆ ಕುಗ್ಗಿದ ರಕ್ತನಾಳಗಳ ಮೇಲೆ ಹಠಾತ್ ಶ್ರಮ ಬಿದ್ದು ಹೃದಯಾಘಾತವಾಗುವುದು ಪ್ರತಿ ಚಳಿಗಾಲದ ಸಂಗತಿ. ಕಾರ್ಬನ್ ಮಾನಾಕ್ಸೈಡಿಗೆ ಸಿಕ್ಕಿ ಚೇತರಿಸಿಕೊಂಡವರಲ್ಲಿ ಕೆಲವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ಗೊಂದಲ, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಇದನ್ನು ವಯಸ್ಸಿನ ಲಕ್ಷಣವೆಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡದೆ, ಬಿರುಗಾಳಿಯ ದಿನಗಳಲ್ಲಿ ಮನೆಯೊಳಗೆ ಏನು ಉರಿದಿತ್ತು ಎಂಬುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು.