ಹೆಗಲ ಮೇಲಿನ ನಕ್ಷತ್ರಕ್ಕೆ ಎಷ್ಟು ಮೂಲೆ?

ಕಾರವಾರದಲ್ಲಿ ಆಗಸ್ಟ್ 15 ಬಂತೆಂದರೆ ಮೇಜರ್ ರಾಮ ರಾಘೋಬ ರಾಣೆಯ ವೇಷ ಹಾಕುವ ಹುಡುಗರಿಗೆ ಬರವಿಲ್ಲ. ಹಾಕಲೇಬೇಕು ಬಿಡಿ. ಪರಮವೀರ ಚಕ್ರ ಪಡೆದ ಈ ಯೋಧರು ಪಕ್ಕದ ಚೆಂಡಿಯಾದವರು; ಟಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆಯೂ ಇದೆ. ವೇಷದ ಸಾಮಗ್ರಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಹಸಿರು ಚಿತ್ತಾರದ ಕ್ಯಾಮಫ್ಲಾಜ್ ಬಟ್ಟೆ, ಎದೆಗೆ ಪದಕ, ಹೆಗಲಿಗೆ ಅಶೋಕ ಸಿಂಹ.

ಇದರಲ್ಲಿ ಒಂದೂ 1948ರ ಏಪ್ರಿಲ್‌ಗೆ ಹೊಂದುವುದಿಲ್ಲ. ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಹೂತಿಟ್ಟ ಮೈನು ತೆಗೆದು, ಅಡ್ಡ ಬಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟಾಗ ರಾಣೆ ಇನ್ನೂ ಸೆಕೆಂಡ್ ಲೆಫ್ಟಿನೆಂಟ್. ಪರಮವೀರ ಚಕ್ರ ಎಂಬ ಪದಕವೇ ಆಗ ಇರಲಿಲ್ಲ. ಅದು ಜಾರಿಗೆ ಬಂದದ್ದು 1950ರ ಜನವರಿ 26ರಂದು. ಸೇನಾಧಿಕಾರಿಗಳ ಹೆಗಲಿನಿಂದ ಬ್ರಿಟಿಷ್ ಕಿರೀಟ ಇಳಿದು ಸಿಂಹ ಏರಿದ್ದೂ ಅದೇ ದಿನ. ನಕ್ಷತ್ರವೂ ಆಗಲೇ ಬದಲಾಯಿತು. ಇಂದಿನದಕ್ಕೆ ಐದು ಮೂಲೆ. ಅದಕ್ಕೆ ಮೊದಲಿನದು ನಾಲ್ಕು ತುದಿಯ, ಚೌಕವನ್ನು ಓರೆಯಾಗಿ ನಿಲ್ಲಿಸಿದಂಥ ‘ಬಾತ್’ ನಕ್ಷತ್ರ. 1948ರ ರಾಣೆಯ ಹೆಗಲಿಗೆ ಬೇಕಾದದ್ದು ಅಂಥದ್ದೊಂದೇ.

ಮಕ್ಕಳ ವೇಷಕ್ಕೆ ಇಷ್ಟೆಲ್ಲ ತಕರಾರು ಬೇಡ, ಒಪ್ಪೋಣ. ಆದರೆ ದೊಡ್ಡವರ ಬ್ಯಾನರು, ನಾಟಕ, ಈಗ ಹೊಸದಾಗಿ ಕೃತಕ ಬುದ್ಧಿಮತ್ತೆ ಬರೆದುಕೊಡುವ ಚಿತ್ರ, ಎಲ್ಲದರಲ್ಲೂ ಇದೇ ಕಲಸುಮೇಲೋಗರ. ಸರಿಯಾದದ್ದನ್ನು ಹುಡುಕಲು ಮೊದಲಿನ ಹಾಗೆ ಪುಣೆಗೋ ಲಂಡನ್ನಿಗೋ ಹೋಗಬೇಕಾಗಿಲ್ಲ, ಫೋನಿನಲ್ಲೇ ಸಿಗುತ್ತದೆ. ಸಿಗುವುದು ಯಾರು, ಯಾಕೆ ಕೂಡಿಟ್ಟದ್ದು ಎಂದು ತಿಳಿಯದೆ ಹುಡುಕಿದರೆ ಮಾತ್ರ ದಾರಿ ತಪ್ಪುತ್ತದೆ.

ಸಿಪಾಯಿಯ ಉಡುಪು ಸರಕಾರಿ ಕಾಗದದಲ್ಲಿ ಜಾಗ ಪಡೆದದ್ದು ಹೆಚ್ಚಾಗಿ ಜಗಳವಾದಾಗ. 1806ರಲ್ಲಿ ಮದ್ರಾಸ್ ಸೇನೆ ಹಣೆಯ ನಾಮ ಅಳಿಸಬೇಕು, ಗಡ್ಡ ತೆಗೆಯಬೇಕು, ಚರ್ಮದ ತುರಾಯಿಯ ಹೊಸ ಪೇಟ ಧರಿಸಬೇಕು ಎಂದಿತು. ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆಯಲ್ಲಿ ದಂಗೆ ಎದ್ದಿತು. ನಮ್ಮ ಕರಾವಳಿಯೂ ಆಗ ಮದ್ರಾಸ್ ಆಡಳಿತದಲ್ಲೇ ಇತ್ತು. ದಂಗೆಯ ವಿಚಾರಣೆಯ ದೆಸೆಯಿಂದ ಆ ಪೇಟದ ಬಗ್ಗೆ ರಾಶಿ ಬರವಣಿಗೆ ಉಳಿಯಿತು.

ಚಿತ್ರಗಳ ಕಥೆ ಬೇರೆ. ಟಿಪ್ಪುವಿನ ಸೈನಿಕನೊಬ್ಬ ರಾಕೆಟ್ಟನ್ನೇ ಬಾವುಟದ ಕೋಲು ಮಾಡಿಕೊಂಡು ನಿಂತ ಚಿತ್ರ ಅಂತರ್ಜಾಲದಲ್ಲಿ ಎಲ್ಲೆಲ್ಲೂ ಓಡಾಡುತ್ತದೆ. ಅದನ್ನು ಬರೆದ ರಾಬರ್ಟ್ ಹೋಮ್, ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಬಂದ ಚಿತ್ರಕಾರ. ಅಂದರೆ ಎದುರಾಳಿಯ ಕಣ್ಣಿಗೆ ಬಿದ್ದ ಉಡುಪು ಅದು. ಎ.ಸಿ. ಲವೆಟ್ ಬರೆದು 1911ರಲ್ಲಿ ಪುಸ್ತಕವಾಗಿ ಬಂದ ಭಾರತೀಯ ಸಿಪಾಯಿಗಳ ಜಲವರ್ಣ ಚಿತ್ರಗಳೂ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ. ಲವೆಟ್ ಸ್ವತಃ ಸೇನಾಧಿಕಾರಿ. ಅವನ ಸಿಪಾಯಿಗಳು ಜಾತಿ-ಜನಾಂಗದ ಮಾದರಿಗಳಾಗಿ, ಪರೇಡಿನ ಬಟ್ಟೆಯಲ್ಲಿ, ಒಂದು ಗುಂಡಿಯೂ ಸಡಿಲವಾಗದೆ ನಿಂತಿದ್ದಾರೆ. ಕೆಸರಿನಲ್ಲಿ ನಡೆದವನ ಕಾಲಿಗೆ ಸುತ್ತಿದ ಪಟ್ಟಿ, ಹೊಲಿಗೆ ಬಿಟ್ಟ ಅಂಗಿ ಅಲ್ಲಿ ಹುಡುಕಿದರೆ ಸಿಗುವುದಿಲ್ಲ.

ಆಮೇಲೆ ಸಂಗ್ರಹಕಾರರು ಬಂದರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಜಾಲತಾಣದಲ್ಲಿರುವ ವಿಂಕ್‌ಹೌಸನ್ ಸಂಗ್ರಹದಲ್ಲಿ 32 ಸಾವಿರಕ್ಕೂ ಹೆಚ್ಚು ಸಮವಸ್ತ್ರದ ಚಿತ್ರಗಳಿವೆ. ಈತ ಡಚ್ ವೈದ್ಯ. ಪುಸ್ತಕಗಳಿಂದ ಚಿತ್ರದ ಹಾಳೆ ಬಿಡಿಸಿ ತನ್ನ ಕ್ರಮದಲ್ಲಿ ಅಂಟಿಸಿಟ್ಟ. ಸಂಗ್ರಹ 1911ರಲ್ಲಿ ಗ್ರಂಥಾಲಯದ ಪಾಲಾಯಿತು. ಕಣ್ಣಿಗೆ ಹಬ್ಬ ನಿಜ, ಆದರೆ ಹಾಳೆ ಕಿತ್ತಲ್ಲಿಗೆ ಅದರ ಜೊತೆಗಿದ್ದ ವಿವರಣೆಯೂ ಹೋಯಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಇನ್ನೊಂದು ದೊಡ್ಡ ಸಂಗ್ರಹ ಶುರುವಾದದ್ದು ಆನ್ ಬ್ರೌನ್ ಎಂಬಾಕೆ 1930ರಲ್ಲಿ ಮಧುಚಂದ್ರಕ್ಕೆಂದು ಯುರೋಪಿಗೆ ಹೋಗಿ ಆಟಿಕೆ ಸೈನಿಕರನ್ನು ಕೊಂಡಾಗ. ಎರಡರಲ್ಲೂ ಯುರೋಪಿನ ದರ್ಬಾರು ಪಡೆಗಳದ್ದೇ ಮೆರವಣಿಗೆ. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ, ಇಂಪೀರಿಯಲ್ ವಾರ್ ಮ್ಯೂಸಿಯಂಗಳ ಪುಟಗಳು ನಮಗೆ ಹೆಚ್ಚು ಉಪಯೋಗ. ಅಲ್ಲಿ ನಿಜವಾದ ಬಟ್ಟೆಯ, ನಿಜವಾದ ಸಿಪಾಯಿಯ ಫೋಟೋಗಳಿವೆ.

ಇಷ್ಟಿದ್ದೂ ಮನೆಯ ಗೋಡೆಯ ಮೇಲಿರುವ ಮುತ್ತಜ್ಜನ ಪಡೆ ಯಾವುದೆಂದು ಹುಡುಕಲು ಕೂತರೆ ಮೊದಲು ಎಡವುವುದು ಹೆಸರಿನಲ್ಲಿ. ಧಾರವಾಡದ ಹತ್ತಿಗೆ ಬಂದರು ಬೇಕೆಂದು ಮುಂಬಯಿಯ ವರ್ತಕರು ಪಟ್ಟು ಹಿಡಿದ ಮೇಲೆ, 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಹಾಗಾಗಿ ಮೊದಲ ಮಹಾಯುದ್ಧಕ್ಕೆ ಹೋದ ಕಾರವಾರದವನನ್ನು ಮುಂಬಯಿ ಕಡೆಯ ಪಲ್ಟನ್ನುಗಳಲ್ಲಿ ಮೊದಲು ಹುಡುಕಬೇಕು. ಜಿಲ್ಲೆಯ ಹೆಸರು ಆಗ ಕೆನರಾ ಅಥವಾ ನಾರ್ತ್ ಕೆನರಾ. ಉತ್ತರ ಕನ್ನಡ ಎಂದು ಒತ್ತಿದರೆ ಉತ್ತರ ಬರುವುದಿಲ್ಲ. ಪಲ್ಟನ್ನಿನ ಸಂಖ್ಯೆಯೂ ನಿಂತಲ್ಲಿ ನಿಲ್ಲಲಿಲ್ಲ. 1903ರಲ್ಲಿ ಆಗಿನ ಬ್ರಿಟಿಷ್ ಮಹಾದಂಡನಾಯಕ ಕಿಚನರ್ ಇಡೀ ಸೇನೆಗೆ ಹೊಸ ಅಂಕಿ ಕೊಟ್ಟಾಗ ಮುಂಬಯಿ ಪಲ್ಟನ್ನುಗಳ ಹಳೆಯ ಸಂಖ್ಯೆಗೆ 100 ಕೂಡಿಸಿದರು, ಮದ್ರಾಸಿನವಕ್ಕೆ 60. ಮುಂಬಯಿಯ 10ನೆಯದು 110ನೇ ಮರಾಠಾ ಲೈಟ್ ಇನ್‌ಫೆಂಟ್ರಿಯಾಯಿತು, ಮೆಸೊಪೊಟೇಮಿಯದ (ಇಂದಿನ ಇರಾಕ್) ಕುತ್ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು, 1922ರಲ್ಲಿ ಮತ್ತೆ ಹೆಸರು ಬದಲಿಸಿ 5ನೇ ಮರಾಠಾ ರೆಜಿಮೆಂಟಿನ 3ನೇ ಬೆಟಾಲಿಯನ್ ಆಯಿತು. ಒಂದೇ ಪಡೆಗೆ ಮೂರು ಗುರುತು. ಫೋಟೋದಲ್ಲಿ ಭುಜಪಟ್ಟಿಯ ಹಿತ್ತಾಳೆ ಅಂಕಿ ಮೂರಂಕಿಯದಾಗಿ ಕಂಡರೆ ಅದು 1903 ಮತ್ತು 1922ರ ನಡುವಿನದೆಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಬಣ್ಣದ ವಿಷಯಕ್ಕೆ ಬಂದರೆ, ಹಳೆಯ ಫೋಟೋಗೆ ಬಣ್ಣ ತುಂಬಿಕೊಡುವ ಆ್ಯಪ್‌ಗಳನ್ನು ನಾನಂತೂ ನಂಬುವುದಿಲ್ಲ. ಆ ಕಾಲದ ಸ್ಟುಡಿಯೋ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಕೋಟು ಕಪ್ಪಗೆ ಬರುತ್ತಿತ್ತು, ನೀಲಿ ಬಿಳಿಚಿಕೊಳ್ಳುತ್ತಿತ್ತು. ಆ್ಯಪ್ ಆ ಕಪ್ಪನ್ನು ಕಂದು ಮಾಡಿ ಕೈತೊಳೆದುಕೊಳ್ಳುತ್ತದೆ. ಪದಕ ಬಲ ಎದೆಯ ಮೇಲಿದ್ದರೆ ಬಣ್ಣಕ್ಕಿಂತ ಮೊದಲು ಅಂಗಿಯ ಗುಂಡಿಸಾಲು ನೋಡಿ. ಅದೂ ಎಡಬಲ ತಿರುಗಿದ್ದರೆ ಫೋಟೋ ಮುದ್ರಿಸುವಾಗಲೇ ಉಲ್ಟಾ ಆಗಿದೆ.

ಹೆಸರಿನ ದಾಖಲೆಗಳಲ್ಲೂ ಏರುಪೇರಿದೆ. ಮೊದಲ ಮಹಾಯುದ್ಧಕ್ಕೆ ಹೋದ ಸುಮಾರು 3.2 ಲಕ್ಷ ಪಂಜಾಬಿ ಸೈನಿಕರ ದಾಖಲೆ ಲಾಹೋರ್ ಮ್ಯೂಸಿಯಂನಲ್ಲಿ ಸಿಕ್ಕಿ 2021ರಿಂದ ಅಂತರ್ಜಾಲಕ್ಕೆ ಬಂತು. ಅದು ಪಂಜಾಬಿನದಷ್ಟೇ. ನಮ್ಮ ಕಡೆಯವರಿಗೆ ಗತಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ, ಅದೂ ಸತ್ತವರದ್ದು ಮಾತ್ರ. ಇರಾಕಿನ ಬಸ್ರಾದ ಸ್ಮಾರಕದ ಗೋಡೆಯಲ್ಲಿ ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿನ ಲೆಕ್ಕಕ್ಕೆ ಸೇರಿಸಿ ಬಿಟ್ಟಿದ್ದರು. ಹಾಗಾಗಿ ಸ್ಮಾರಕದ ಗೋಡೆಯ ಫೋಟೋ ನೋಡಿ ಪ್ರಯೋಜನವಿಲ್ಲ, ಆಯೋಗದ ತಾಣದಲ್ಲಿ ಪಡೆಯ ಹೆಸರಿನಿಂದ ಹುಡುಕಬೇಕು. ನಿಮ್ಮವರ ಹೆಸರು ನೀವು ಬರೆಯುವ ಹಾಗೆ ಅಲ್ಲಿರುವುದಿಲ್ಲ. ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದ ಹಾಗೆ ನಾಲ್ಕಾರು ಬಗೆಯಲ್ಲಿ ಬರೆದು ನೋಡಿ. ಅದಕ್ಕೂ ಮೊದಲು ಮನೆಯ ಗೋಡೆಯ ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಸ್ಟುಡಿಯೋದ ಮುದ್ರೆ, ಊರು, ಕೆಲವೊಮ್ಮೆ ಪೆನ್ಸಿಲಿನಲ್ಲಿ ಬರೆದ ಸೈನಿಕ ಸಂಖ್ಯೆ ಇರುವುದು ಅಲ್ಲಿ.