777 ಕೊಟ್ಟರೂ ‘ಪರ್ಮಿಷನ್ ಡಿನೈಡ್’: ಎಸ್‌ಇಲಿನಕ್ಸ್ ಅನುಮತಿಗಳು

ಫೈಲ್‌ಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟಾಗಿದೆ. ಪ್ರೋಗ್ರಾಂ ಓಡುತ್ತಿರುವುದೂ ರೂಟ್, ಅಂದರೆ ಸಿಸ್ಟಮ್‌ನ ಮುಖ್ಯ ಬಳಕೆದಾರನ ಹೆಸರಲ್ಲೇ. ಆದರೂ ‘ಪರ್ಮಿಷನ್ ಡಿನೈಡ್’ ಅಂತ ಬರುತ್ತದೆ. ಲಿನಕ್ಸ್‌ನ ಹೆಚ್ಚುವರಿ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಕಲಿಯಲು ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಲಿನಕ್ಸ್ ಕರ್ನಲ್‌ನಲ್ಲಿ ತಪಾಸಣೆ ಎರಡು ಸಲ ನಡೆಯುತ್ತದೆ. ಮೊದಲನೆಯದು ನಮಗೆ ಗೊತ್ತಿರುವ ಮಾಲೀಕ, ಗುಂಪು, ಇತರರ ಲೆಕ್ಕ. ಅಲ್ಲಿ ಪಾಸಾದರೆ ಮಾತ್ರ ಎಲ್‌ಎಸ್‌ಎಂ ಹುಕ್‌ಗಳ (ಭದ್ರತಾ ತಪಾಸಣೆಗೆಂದು ಕರ್ನಲ್‌ನಲ್ಲೇ ಇಟ್ಟಿರುವ ಕೊಂಡಿಗಳ) ಮೂಲಕ ಎಸ್‌ಇಲಿನಕ್ಸ್‌ನ ಸರದಿ. ಮೊದಲನೆಯದನ್ನು ಫೈಲಿನ ಮಾಲೀಕ ತನಗೆ ಬೇಕಾದಂತೆ ಬದಲಿಸಬಹುದು. ಎರಡನೆಯದನ್ನು ‘ಪಾಲಿಸಿ’, ಅಂದರೆ ಸಿಸ್ಟಮ್‌ನ ನಿಯಮಗಳ ಪಟ್ಟಿ, ತೀರ್ಮಾನಿಸುತ್ತದೆ, ಮಾಲೀಕನ ಮಾತು ಅಲ್ಲಿ ನಡೆಯುವುದಿಲ್ಲ. ಇದನ್ನು ‘ಕಡ್ಡಾಯ’ (ಮ್ಯಾಂಡೇಟರಿ) ನಿಯಂತ್ರಣ ಅನ್ನುವುದು ಅದಕ್ಕೇ.

ಪ್ರತಿ ಪ್ರೋಸೆಸ್‌ಗೂ ಪ್ರತಿ ಫೈಲ್‌ಗೂ ಒಂದು ಲೇಬಲ್ ಇರುತ್ತದೆ. ಅದರಲ್ಲಿ ಬಳಕೆದಾರ, ರೋಲ್, ಟೈಪ್, ಲೆವೆಲ್ ಇರುತ್ತವೆ. ದಿನನಿತ್ಯದ ಕೆಲಸದಲ್ಲಿ ಜಾಸ್ತಿ ಬೇಕಾಗುವುದು ಟೈಪ್. ಯಾವ ಟೈಪ್, ಯಾವ ಟೈಪ್‌ನ ಮೇಲೆ, ಯಾವ ಬಗೆಯ ವಸ್ತುವಿಗೆ, ಏನೇನು ಮಾಡಬಹುದು ಅಂತ ಪಾಲಿಸಿಯಲ್ಲಿ ಬರೆದಿರಬೇಕು. ಬರೆದಿಲ್ಲ ಅಂದರೆ ಇಲ್ಲ.

ಈ ‘ಏನೇನು’ ಬಹಳ ಸೂಕ್ಷ್ಮವಾಗಿದೆ. ರೀಡ್ ಬೇರೆ, ಓಪನ್ ಬೇರೆ. ಇನ್ನೊಬ್ಬರು ತೆರೆದುಕೊಟ್ಟ ಫೈಲನ್ನು ಓದಲು ಬಿಟ್ಟು, ತಾನಾಗಿ ತೆರೆಯುವುದನ್ನು ಮಾತ್ರ ತಡೆಯಬಹುದು. ನನಗೆ ತುಂಬ ಇಷ್ಟವಾದ ವಿನ್ಯಾಸ ಇದು.

ಈಗ ಇಂಥ ತಡೆಗಳು ದಾಖಲಾಗುವ ಆಡಿಟ್ ಲಾಗ್‌ನ ಒಂದು ಸಾಲು ನೋಡೋಣ. ಡಿನೈಡ್ ಪಕ್ಕದ ಬ್ರಾಕೆಟ್‌ನಲ್ಲಿ ರೀಡ್ ಇದೆ. ಕೇಳಿದವರು ಎಚ್‌ಟಿಟಿಪಿಡಿ_ಟಿ, ಅಂದರೆ ವೆಬ್ ಸರ್ವರ್. ಫೈಲಿನ ಟೈಪ್ ಯೂಸರ್_ಹೋಮ್_ಟಿ. ವಸ್ತುವಿನ ಬಗೆ ಫೈಲ್. ಇಷ್ಟರಲ್ಲೇ ಕಾರಣ ಸಿಕ್ಕಿತು, ಅಲ್ವಾ? ಹೋಮ್ ಡೈರೆಕ್ಟರಿಯಲ್ಲಿ ಮಾಡಿದ ಪುಟವನ್ನು ಯಾರೋ ಎಂವಿ ಕಮಾಂಡ್‌ನಿಂದ ವೆಬ್ ಡೈರೆಕ್ಟರಿಗೆ ಸಾಗಿಸಿದ್ದಾರೆ. ಎಂವಿ ಮಾಡಿದರೆ ಹಳೆಯ ಲೇಬಲ್ ಜೊತೆಗೇ ಬರುತ್ತದೆ. ಸುಮ್ನೆ ಸಿಪಿ ಕಮಾಂಡ್‌ನಿಂದ ನಕಲು ಮಾಡಿದ್ದರೆ ಹೊಸ ಫೈಲ್ ಹುಟ್ಟಿ, ಸಾಮಾನ್ಯವಾಗಿ ಹೊಸ ಡೈರೆಕ್ಟರಿಯ ಟೈಪನ್ನೇ ಪಡೆಯುತ್ತಿತ್ತು.

ಇದಕ್ಕೆ, ಫೈಲಿಗೆ ಆ ಜಾಗದ ಸರಿಯಾದ ಲೇಬಲ್ ಮತ್ತೆ ಹಚ್ಚುವ ರಿಸ್ಟೋರ್‌ಕಾನ್ ಕಮಾಂಡ್ ಸಾಕು. ಲಾಗ್‌ನ ತಡೆಗಳನ್ನು ನೋಡಿ ಅನುಮತಿ ನಿಯಮ ಬರೆದುಕೊಡುವ ಆಡಿಟ್2ಅಲೌ ಕೊಡುವ ನಿಯಮವನ್ನು ಕಣ್ಣು ಮುಚ್ಚಿ ಸೇರಿಸಬೇಡಿ. ನಿಯಮ ಅನ್ವಯಿಸುವುದು ಆ ಒಂದು ಫೈಲ್‌ಗಲ್ಲ, ಇಡೀ ಟೈಪ್‌ಗೆ. ಎಲ್ಲ ಬಳಕೆದಾರರ ಹೋಮ್‌ನಲ್ಲಿ ಆ ಟೈಪ್ ಇರುವ ಪ್ರತಿ ಫೈಲನ್ನೂ ವೆಬ್ ಸರ್ವರ್ ಓದದಂತೆ ಇದ್ದ ಎಸ್‌ಇಲಿನಕ್ಸ್‌ನ ತಡೆ ಹೋಗಿಬಿಡುತ್ತದೆ.

ಇನ್ನು ಸೆಟ್‌ಎನ್‌ಫೋರ್ಸ್ 0. ಆ ಕಮಾಂಡ್ ಇಡೀ ಸಿಸ್ಟಮ್‌ನ ಕಾವಲನ್ನೇ ಸಡಿಲಿಸುತ್ತದೆ. ಪರೀಕ್ಷೆಗೆ ಬೇಕಿದ್ದರೆ ಸೆಮ್ಯಾನೇಜ್ ಕಮಾಂಡ್ ಬಳಸಿ ಆ ಒಂದು ಡೊಮೇನನ್ನು (ಪ್ರೋಸೆಸ್‌ನ ಟೈಪನ್ನು) ಮಾತ್ರ ಪರ್ಮಿಸಿವ್ ಮಾಡಿ, ಅಂದರೆ ತಡೆಯದೆ ಲಾಗ್‌ನಲ್ಲಿ ಮಾತ್ರ ಬರೆಯುವಂತೆ ಮಾಡಿ. ಆಗ ಪ್ರೋಗ್ರಾಂ ಮೊದಲ ತಡೆಯಲ್ಲೇ ನಿಲ್ಲದೆ ಮುಂದೆ ಹೋಗುತ್ತದೆ, ಮುಂದಿನ ತಡೆಗಳೂ ಲಾಗ್‌ನಲ್ಲಿ ಕಾಣಿಸುತ್ತವೆ.